ಕಳೆದುಕೊಂಡವನು ಕರ್ತೃವೇ?

೨೦೫೮. ಧಾರವಾಡದ ಕಾರ್ಮಿಕ ನ್ಯಾಯಾಲಯದ ಗೋಡೆಯ ಮೇಲೆ ಕಾರ್ಖಾನೆಯೊಂದರ ಇಂಗ್ಲಿಷ್ ವರದಿ ಸಾಲುಸಾಲಾಗಿ ಬಣ್ಣ ಪಡೆಯುತ್ತಿತ್ತು. ‘ಕಾರಕ’ ಯಂತ್ರ ಪ್ರತಿ ಕ್ರಿಯಾಪದದ ಅರ್ಥ ಹಿಡಿದು, ಮಾಡಿದವರನ್ನು ಕೆಂಪಿನಲ್ಲಿ, ಅನುಭವಿಸಿದವರನ್ನು ನೀಲಿಯಲ್ಲಿ ತೋರಿಸುತ್ತಿತ್ತು. ಎಷ್ಟೇ ಸುತ್ತಿಬಳಸಿ ಬರೆದರೂ ಯಾರು ಯಾರಿಗೆ ಏನು ಮಾಡಿದರೆಂಬುದನ್ನು ಈಗ ಮುಚ್ಚಿಡುವಂತಿರಲಿಲ್ಲ.

ಹಿಂದಿನ ಬೆಂಚಿನಲ್ಲಿದ್ದ ಭಾಷಾವಿಜ್ಞಾನಿ ಕಸ್ತೂರಿ ಹಂಚಿನಮನಿಗೆ ಹೊಟ್ಟೆ ಉರಿಯುತ್ತಿತ್ತು. ಯಂತ್ರ ರೂಪಿಸಿದ ಶಮೀಮಾ ನದಾಫ ಮುಂದೆ, ನ್ಯಾಯಾಧೀಶರ ಪಕ್ಕದಲ್ಲೇ ಕೂತಿದ್ದಳು. ವರ್ಷಗಟ್ಟಲೆ ಇಬ್ಬರೂ ಒಂದೇ ಮೇಜಿನಲ್ಲಿ ಇಂಗ್ಲಿಷ್ ವಾಕ್ಯಗಳಿಗೆ ಕರ್ತೃ, ಕರ್ಮ ಎಂದು ಗುರುತು ಹಚ್ಚಿದವರು. ಯಂತ್ರ ಕಲಿತದ್ದು ಆ ಗುರುತುಗಳಿಂದಲೇ. ಹೆಸರು ಮಾತ್ರ ಶಮೀಮಾಳದು.

ಗೋಡೆಯ ಮೇಲೆ ‘ಬಾಳಪ್ಪ ಲಾಸ್ಟ್ ಹಿಸ್ ಹ್ಯಾಂಡ್’ ಎಂಬ ವಾಕ್ಯ ಬಂತು. ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿದ್ದ ಕೆಲಸಗಾರನ ಹೆಸರು ಕೆಂಪಾಯಿತು.

“ನೋಡ್ರಿ, ಮಾಡಿದಾಂವ ಅವನ!” ಕಾರ್ಖಾನೆಯ ವಕೀಲ ಹಿಗ್ಗಿದ. ಬಾಳಪ್ಪ ಮೊಂಡುಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಂಗಾಲಾಗಿ ನೋಡಿದ.

ಕಸ್ತೂರಿಯ ಎದೆಯಲ್ಲಿ ಖುಷಿ ಚಿಮ್ಮಿತು. ಕೀಲಿ ಕಳೆದುಕೊಳ್ಳುವುದೂ ಕೈ ಕಳೆದುಕೊಳ್ಳುವುದೂ ಬೇರೆ, ಎರಡನ್ನೂ ಒಂದೇ ಗುಂಪಿಗೆ ಹಾಕಬೇಡ ಎಂದು ಗುರುತು ಹಚ್ಚುವಾಗಲೇ ಜಗಳವಾಡಿದ್ದಳು, ಶಮೀಮಾ ಕೇಳಿರಲಿಲ್ಲ. ಕಸ್ತೂರಿ ನ್ಯಾಯಕ್ಕಾಗಿ ಎದ್ದುನಿಂತಳು ಎಂದರೆ ಸುಳ್ಳಾದೀತು. ಶಮೀಮಾಳ ಮುಖ ಸಣ್ಣದಾಗುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

“ಸಾಹೇಬ್ರ, ಯಂತ್ರ ತಪ್ಪು ಹೇಳಾಕತ್ತೇತ್ರಿ. ಕೀಲಿ ಕಳಕೊಂಡಾಂವ ಎಲ್ಲೋ ಮರತಿರತಾನ. ಕೈ ಕಳಕೊಂಡಾಂವ ಏನೂ ಮಾಡಿಲ್ರಿ, ಅವಗ ಆಗೇತಿ.”

ಶಮೀಮಾ ಯಂತ್ರದ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. “ಖರೆ ಐತ್ರಿ. ಕಸ್ತೂರಿ ಅವತ್ತ ಹೇಳಿದ್ಲು, ನಾನ ಕಿವಿಗೆ ಹಾಕ್ಕೊಳ್ಳಲಿಲ್ಲ,” ಎಂದು ಎಲ್ಲರೆದುರೇ ಒಪ್ಪಿ, ಎರಡು ಅರ್ಥಗಳನ್ನೂ ಬೇರ್ಪಡಿಸಿದಳು. ಬಾಳಪ್ಪನ ಹೆಸರು ನೀಲಿಯಾಯಿತು. ಸಂಜೆಯೊಳಗೆ ಪರಿಹಾರದ ಆದೇಶವೂ ಬಂತು. ತಪ್ಪೊಪ್ಪಿಕೊಂಡ ಶಮೀಮಾಳ ದೊಡ್ಡತನವನ್ನೂ ಕಸ್ತೂರಿಗೆ ಸಹಿಸಲಾಗಲಿಲ್ಲ. ಸೋತಾಗಲೂ ಗೆದ್ದವಳಂತೆ ಕಾಣಬೇಕೆ ಇವಳು!

ಮರುದಿನ ಕನ್ನಡ ಪತ್ರಿಕೆಯಲ್ಲಿ ಶಮೀಮಾಳ ಫೋಟೊ ಇತ್ತು. ಕಸ್ತೂರಿ ತನ್ನ ಹೆಸರಿಗಾಗಿ ಸುದ್ದಿಯನ್ನು ಎರಡೆರಡು ಸಲ ಹುಡುಕಿದಳು. ಇರಲಿಲ್ಲ. ಸಿಟ್ಟಿನಿಂದ ಪತ್ರಿಕೆ ಮಡಚುವಾಗ ತಲೆಬರಹ ಕಣ್ಣಿಗೆ ಬಿತ್ತು: ‘ಕೈ ಕಳೆದುಕೊಂಡ ಕಾರ್ಮಿಕನಿಗೆ ಪರಿಹಾರ’.

ಅವಳು ಮಡಚಿದ್ದನ್ನು ಮತ್ತೆ ಬಿಚ್ಚಿದಳು. ಅಕ್ಷರ ಕಲಿತಾಗಿನಿಂದ ತನ್ನ ಭಾಷೆಯಲ್ಲೇ ಇಂಥ ಸಾಲುಗಳನ್ನು ಓದುತ್ತ ಬಂದಿದ್ದಳು. ಜನ ಪ್ರಾಣ ಕಳೆದುಕೊಂಡರು, ಅಣೆಕಟ್ಟಿಗೆ ಮನೆ ಕಳೆದುಕೊಂಡರು. ಕಸಿದವರು ಯಾರೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.