ಅಂಗಿಯ ತೋಳಿನಲ್ಲಿ ಸಿಕ್ಕ ಹತ್ತಿ

“ನಮ್ಮ ಮನೇಲಿ ಯಾರೂ ಯಾವ ಲಸಿಕೇನೂ ಹಾಕಿಸಿಕೊಂಡಿಲ್ಲ, ಡಾಕ್ಟ್ರೇ.”

ಹಾಗೆನ್ನುವಾಗ ಅತ್ತೆ ನೋಡಿದ್ದು ಡಾಕ್ಟರನ್ನಲ್ಲ, ಆಗಷ್ಟೇ ಓಡಿಬಂದ ಸೊಸೆಯನ್ನು.

ಬಟ್ಟೆ ಒಗೆದು, ಇಸ್ತ್ರಿ ಮಾಡಿ ಒಬ್ಬನೇ ಮಗನನ್ನು ಸಾಕಿದ ಈ ಹೆಂಗಸಿಗೆ ಸೂಜಿಯೆಂದರೆ ಯಮ. ಅವಳ ಗಂಡ ಇಂಜೆಕ್ಷನ್ ಚುಚ್ಚಿಸಿಕೊಂಡ ಮರುದಿನವೇ ತೀರಿಕೊಂಡಿದ್ದ. ಅಂಥ ಮನೆಗೆ ಲಸಿಕೆ ಹಾಕುವ ನರ್ಸೇ ಸೊಸೆಯಾಗಿ ಬರಬೇಕೇ! ಸೊಸೆ ಕೊಟ್ಟ ನೀರನ್ನೂ ಮೂಸಿ ನೋಡಿಯೇ ಕುಡಿಯುವ ಅನುಮಾನ ಅವಳದು. “ಅಮ್ಮಂಗೆ ಗೊತ್ತಾದ್ರೆ ನಿನ್ನ ಮನೇಲಿ ಇರೋಕೆ ಬಿಡಲ್ಲ” ಎಂದು ಮಗ ಹೆಂಡತಿಯಿಂದ ಆಣೆ ಮಾಡಿಸಿಕೊಂಡಿದ್ದ. ಈಗ ಅವನೇ ಆಸ್ಪತ್ರೆಯ ಮಂಚದ ಮೇಲೆ ತಲೆ ಹಿಡಿದು ನರಳುತ್ತಿದ್ದಾನೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದಕ್ಕೆ ಮಾಮೂಲಾಗಿ ಕೊಡುವ ಹೆಪಾರಿನ್ ಔಷಧ ಆಗಲೇ ವಾರ್ಡಿನ ನರ್ಸ್ ಕೈಯಲ್ಲಿದ್ದ ಸಿರಿಂಜಿನಲ್ಲಿತ್ತು.

“ತಡೀರಿ ಸಿಸ್ಟರ್... ಲಸಿಕೆ ಆಗಿದೆ. ಹನ್ನೊಂದು ದಿನ ಆಯ್ತು. ನಾನೇ... ನನ್ನ ಕೈಯಾರೆ ಹಾಕಿದ್ದು.”

ಡಾಕ್ಟರ್ ರಕ್ತದ ವರದಿಯನ್ನು ಮತ್ತೆ ನೋಡಿದರು. “ಪ್ಲೇಟ್‌ಲೆಟ್ ಇಷ್ಟು ಇಳಿದಿರೋದು ಅದಕ್ಕೇ. ಲಸಿಕೆಯಿಂದ ಹೀಗೆ ರಕ್ತ ಹೆಪ್ಪುಗಟ್ಟೋದು ತುಂಬಾ ಅಪರೂಪ. ಹೆಪಾರಿನ್ ಬೇಡ, ಅಪಾಯ ಜಾಸ್ತಿ ಆಗಬಹುದು. ಬೇರೆ ಔಷಧ ಕೊಡೋಣ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿ.”

ಐದು ದಿನ ಅತ್ತೆ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಆರನೆಯ ದಿನ, ಗಂಡಾಂತರ ಕಳೆಯಿತೆಂದು ಡಾಕ್ಟರ್ ಹೇಳಿಹೋದ ಮೇಲೆ, ಗೋಡೆಗೆ ಹೇಳುವಂತೆ ಹೇಳಿದಳು:

“ಒಗೆಯೋ ಮುಂಚೆ ಜೇಬು, ತೋಳು ತಡಕೋದು ನನ್ನ ಅಭ್ಯಾಸ. ಅವನ ಅಂಗಿ ತೋಳಲ್ಲಿ ರಕ್ತ ಅಂಟಿದ ಹತ್ತಿ ಸಿಕ್ಕಿತ್ತು. ಅವತ್ತೇ ಗೊತ್ತಾಯ್ತು... ನಿನ್ನ ಬಾಯಿಂದಾನೇ ಬರ್ಲಿ ಅಂತ ಕಾಯ್ತಿದ್ದೆ.”

ಸೊಸೆ ಅವಳತ್ತ ತಿರುಗಿದಳು. “ಗೊತ್ತಿದ್ದೂ ಡಾಕ್ಟರ್ ಹತ್ರ ಇಲ್ಲ ಅಂದ್ರಾ ಅತ್ತೆ? ನಾನು ಬಾಯಿ ಬಿಡದೇ ಇದ್ದಿದ್ರೆ...?”

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಿಕ್ಕು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಮಗ ಕಣ್ಣು ತೆರೆದ. ಹೆಂಡತಿಯನ್ನು ಹತ್ತಿರ ಕರೆದು ಪಿಸುಗುಟ್ಟಿದ: “ಅಮ್ಮಂಗೆ... ಗೊತ್ತಾಯ್ತಾ?”

“ನಾನೇ ಹೇಳ್ದೆ.”

“ಏನಂದ್ರು?”

ಅತ್ತೆ ಉಸಿರು ಬಿಗಿಹಿಡಿದು ನಿಂತಳು. ಸೊಸೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು.

“ಏನೂ ಅನ್ಲಿಲ್ಲ. ನೀವು ಮಲಗಿ.”

ಆಮೇಲೆ ಲೋಟಕ್ಕೆ ನೀರು ಬಗ್ಗಿಸಿ ಅತ್ತೆಯ ಮುಂದೆ ಹಿಡಿದಳು. ಅತ್ತೆ ಮೂಸಿ ನೋಡದೆ ಕುಡಿದಳು.