ಕಪ್ಪಾಗುವವರೆಗೆ ಕಲಕಿದವಳು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಯುಸ್ನಿದಾರ್. ಸುಮಾತ್ರಾದಿಂದ ಮೈಸೂರಿಗೆ ಓದಲು ಬಂದಿದ್ದವಳು, ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯವಳು. ನಮ್ಮ ಮೆಸ್ಸಿನ ಸಾಂಬಾರು ಕಂಡಾಗಲೆಲ್ಲ ಅವಳಿಗೆ ಊರಿನ ಅಡುಗೆ ನೆನಪಾಗುತ್ತಿತ್ತು; ಹಾಗಾಗಿ ಕತೆಗಳಿಗೆ ಬರವಿರಲಿಲ್ಲ.

ಬಹಳ ಹಿಂದೆ, ಎಮ್ಮೆಯ ಕೊಂಬಿನಂತೆ ಸೂರು ಬಾಗಿದ ಮನೆಗಳ ಒಂದು ರಾಜ್ಯವಿತ್ತಂತೆ. ಅಲ್ಲಿ ಮನೆ, ಗದ್ದೆ ಎಲ್ಲ ಹೆಣ್ಣುಮಕ್ಕಳದು. ಗಂಡುಮಕ್ಕಳು ಮೀಸೆ ಚಿಗುರುತ್ತಲೇ ಬುತ್ತಿ ಕಟ್ಟಿಕೊಂಡು ದೇಶ ಸುತ್ತಲು ಹೊರಡಬೇಕು. ಬುತ್ತಿಯಲ್ಲಿ ರೆಂದಾಂಗ್. ಎಮ್ಮೆಯ ಮಾಂಸವನ್ನು ಅರಿಸಿನದ ಎಲೆ, ಮಜ್ಜಿಗೆಹುಲ್ಲಿನ ಜೊತೆ ತೆಂಗಿನ ಹಾಲಿಗೆ ಹಾಕಿ, ಹಾಲೆಲ್ಲ ಇಂಗಿ ಕಪ್ಪಾಗುವವರೆಗೆ ಬೇಯಿಸಿದ್ದು. ವಾರಗಟ್ಟಲೆ ಕೆಡುವುದಿಲ್ಲ.

ಆ ರಾಜ್ಯದ ಕಾಡಿಗೆ ಒಬ್ಬ ಬೂದಿಮಾಂತ್ರಿಕ ಬಂದ. ದೇಶಕ್ಕೆ ಹೊರಟ ಹುಡುಗರನ್ನೆಲ್ಲ ಹುಲಿ ಮಾಡಿ ಕಾವಲಿಗಿಟ್ಟುಕೊಂಡ. ರೆನೋ ಎಂಬ ಹುಡುಗಿಯ ಅಣ್ಣ ರಾಜೋನೂ ಹುಲಿಯಾದ.

ರೆನೋಳ ತಾಯಿ ಹೇಳಿದಳು: "ಮನೆಯ ರೆಂದಾಂಗ್ ನಾಲಿಗೆಗೆ ತಾಗಿದರೆ ಹುಲಿ ಮತ್ತೆ ಮನುಷ್ಯ ಆಗುತ್ತೆ. ಆದರೆ ಸೌಟು ನಿಲ್ಲಬಾರದು. ನಿಂತರೆ ಹಾಲು ಒಡೆಯುತ್ತೆ, ಒಡೆದರೆ ಅವರು ಹುಲಿಗಳಾಗೇ ಉಳೀತಾರೆ. ನನ್ನ ರಟ್ಟೆಯಲ್ಲಿ ಬಲ ಇಲ್ಲ. ನೀನು ಕಲಕು, ನಾನು ಸೌದೆ ನೋಡ್ಕೋತೀನಿ. ಯಾರು ಕರೆದರೂ ತಿರುಗಬೇಡ."

ಅಂಗಳದಲ್ಲಿ ಒಲೆ ಹೂಡಿದರು. ರೆನೋ ಕಲಕಿದಳು.

ಹಾಲು ಇನ್ನೂ ಹಳದಿಯಾಗಿ, ತೆಳ್ಳಗಿದ್ದಾಗ ಮಾಂತ್ರಿಕ ಹೆಬ್ಬಾವಾಗಿ ಬಂದು ಅವಳ ಕಾಲಿಗೆ ಸುತ್ತಿಕೊಂಡ. "ಸುತ್ಕೋ ಮಾರಾಯ, ಕಾಲ್ಕಡಗ ಇಲ್ಲ ಅಂತ ಬೇಜಾರಾಗಿತ್ತು," ಎಂದಳು ರೆನೋ, ಕಲಕುತ್ತಲೇ. ಹಾವಿಗೆ ಅವಮಾನವಾಗಿ ಹೊರಟುಹೋಯಿತು.

ಹಾಲು ಕಂದು ಬಣ್ಣಕ್ಕೆ ತಿರುಗಿತು. ಬೆನ್ನ ಹಿಂದೆ ಥೇಟ್ ತಾಯಿಯ ದನಿ ಕೇಳಿತು. "ರೆನೋ, ಬಾವಿಗೆ ಬಿದ್ದೆ ಕಣೆ, ಓಡಿ ಬಾರೇ!" ಸೌಟು ತಡವರಿಸಿತು. ಅಷ್ಟರಲ್ಲಿ ಎದುರಿನ ಕಿಟಕಿಯಿಂದ ತಾಯಿ ತಲೆ ಹೊರಹಾಕಿದಳು. "ನಾನಿಲ್ಲೇ ಇದೀನಲ್ಲೇ ಪೆದ್ದಿ! ಬಾವಿಗೆ ಬಿದ್ದವಳು ಅಷ್ಟು ಸೊಗಸಾಗಿ ಕೂಗ್ತಾಳಾ?" ಇಬ್ಬರೂ ನಕ್ಕರು.

ಹಾಲು ಇಂಗಿ ಎಣ್ಣೆ ಬಿಟ್ಟಿತು, ಮಾಂಸ ಕಪ್ಪಿಗೆ ತಿರುಗಿತು. ಮತ್ತೆ ಬೆನ್ನ ಹಿಂದೆ ಅದೇ ದನಿ. ಈ ಸಲ ಮೆಲ್ಲಗೆ. "ರೆನೋ, ಎದೆ ಒಣಗ್ತಾ ಇದೆ. ಒಂದು ಚಿಪ್ಪು ನೀರು ಕೊಡೇ."

ರೆನೋ ಎದುರಿನ ಕಿಟಕಿ ನೋಡಿದಳು. ಯಾರೂ ಇರಲಿಲ್ಲ. ಒಳಗೆಲ್ಲೋ ಇರಬೇಕು ಅಂದುಕೊಂಡಳು.

"ದನಿ ಈಗ ಪಳಗಿದೆ ಮಾಂತ್ರಿಕ," ಎಂದಳು. "ಬಾವಿಗೆ ಬಿದ್ದಿದ್ದೆಯಲ್ಲ, ಅಲ್ಲೇ ಕುಡಿಯೋದಲ್ವಾ!"

ದನಿ ಇನ್ನೊಮ್ಮೆ "ನೀರು" ಎಂದಿತು. ಆಮೇಲೆ ಸುಮ್ಮನಾಯಿತು. ರೆನೋ ಗೆದ್ದ ಖುಷಿಯಲ್ಲಿ ಜೋರಾಗಿ ಕಲಕಿದಳು.

ರೆಂದಾಂಗ್ ಸಿದ್ಧವಾಯಿತು. ಘಮಕ್ಕೆ ಕಾಡಿನ ಹುಲಿಗಳೆಲ್ಲ ಮಾಂತ್ರಿಕ ಕಟ್ಟಿದ್ದ ಸರಪಳಿ ಹರಿದುಕೊಂಡು ಅಂಗಳಕ್ಕೆ ನುಗ್ಗಿದವು. ಒಂದೊಂದು ತುತ್ತಿಗೆ ಒಬ್ಬೊಬ್ಬ ಹುಡುಗ ಎದ್ದು ನಿಂತ. ಕಾವಲಿಲ್ಲದ ಮಾಂತ್ರಿಕ ಕಾಡಿನಲ್ಲೇ ಬೂದಿಯಾಗಿ ಉದುರಿಹೋದ.

"ಕೊನೇವರೆಗೂ ಬಂದು ಕಾಡಿದ ಕಣೋ," ಎಂದಳು ರೆನೋ, ಅಣ್ಣನ ಬಾಯಿಗೆ ಎರಡನೇ ತುತ್ತಿಡುತ್ತ. "ನೀರು ಬೇಕಂತೆ ನೀರು!"

ರಾಜೋ ಅಗಿಯುವುದನ್ನು ನಿಲ್ಲಿಸಿದ. "ಕೊನೇವರೆಗೂ? ರೆಂದಾಂಗ್ ಎಣ್ಣೆ ಬಿಟ್ಟ ಘಮ ಬಂದಾಗಿನಿಂದ ಅವನು ಕಾಡಲ್ಲೇ ಇದ್ದನಲ್ಲೇ. ಓಡಿಬರೋಕೆ ನೋಡ್ತಿದ್ದ ನಮ್ಮ ಸರಪಳಿ ಹಿಡಿದು ಜಗ್ಗೋದರಲ್ಲೇ ಸುಸ್ತಾಗಿದ್ದ."

ರೆನೋ ಆಗ ಹಿಂತಿರುಗಿ ನೋಡಿದಳು. ತಾಯಿ ಹೊತ್ತು ತಂದ ಸೌದೆಯ ಹೊರೆಗೆ ಒರಗಿ ಕೂತಿದ್ದಳು, ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ನೀರಿನ ಕೊಡ ರೆನೋಳ ಎಡಗೈಗೆ ಎಟುಕುವಷ್ಟು ಹತ್ತಿರವಿತ್ತು. ಕಲಕಲು ಬಲಗೈ ಒಂದೇ ಸಾಕಿತ್ತು.

ರಾಜ್ಯದ ತಾಯಂದಿರಿಗೆಲ್ಲ ಮಕ್ಕಳು ಸಿಕ್ಕರು, ಎಲ್ಲರೂ ಉಂಡು ಸುಖವಾಗಿದ್ದರು. ರೆನೋ ಕೂಡ ಮದುವೆಯಾದಳು, ನಕ್ಕಳು, ಮೊಮ್ಮಕ್ಕಳನ್ನು ಕಂಡಳು. ಅವರಿಗೆ ಕಲಕುವುದನ್ನು ಕಲಿಸುವಾಗ ಮಾತ್ರ ಹೇಳುತ್ತಿದ್ದಳು: "ನೀರು ಕೇಳಿದರೆ ಕೊಟ್ಟುಬಿಡಿ. ಕೇಳಿದವನು ಮಾಂತ್ರಿಕನೇ ಆದರೂ ಕುಡಿದು ಹೋಗಲಿ."

ನನಗೆ ತಲುಪಿದ್ದು ಇಷ್ಟು. ಒಲೆಯ ಮುಂದೆ ನಿಂತು ಹಿಂತಿರುಗಿ ನೋಡದೆ ಉತ್ತರ ಕೊಡುವವರು ನಿಮ್ಮ ಮನೆಯಲ್ಲೂ ಇರಬಹುದು. ಇದನ್ನು ಅವರಿಗೆ ದಾಟಿಸಿ.