ಬಣ್ಣದ ಗಾಯ ಮಾಗುವುದಿಲ್ಲ

"ನನ್ನ ಫೋಟೋ ರಿಜೆಕ್ಟ್ ಮಾಡಿದ ಮಹಾಶಯ ಯಾರು?"

ಅವಳು ಕಬ್ಬಿಣದ ಮೇಕಪ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಇಡೀ ಆಫೀಸು ಕತ್ತೆತ್ತಿ ನೋಡಿತು.

ಮೂಲೆಯಲ್ಲಿ ಎರಡು ಪರದೆಗಳ ಹಿಂದೆ ಕುಳಿತಿದ್ದವನು ಮಾತ್ರ ಗಡಿಬಿಡಿಯಿಲ್ಲದೆ ಎದ್ದು ನಿಂತ. "ನಾನೇ. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ."

ಅದು ಫೋಟೋ ಮಾರುವ ವೆಬ್‌ಸೈಟೊಂದರ ಆಫೀಸು. ಪತ್ರಿಕೆಯವರು, ಜಾಹೀರಾತಿನವರು ತಮಗೆ ಬೇಕಾದ ಚಿತ್ರ ಅಲ್ಲಿ ಕೊಳ್ಳುತ್ತಾರೆ. ನಗುವ ಅಜ್ಜಿ, ಅಳುವ ಮಗು, ಏಟು ತಿಂದ ಹೆಂಗಸು... ಎಲ್ಲವೂ ಸಿಗುತ್ತದೆ. ಆದರೆ ಚಿತ್ರದಲ್ಲಿ ಇರುವುದೊಂದು, ಕೆಳಗೆ ಬರೆದಿರುವುದು ಇನ್ನೊಂದು ಆಗಬಾರದು. ಹಾಗಾಗದಂತೆ ಕಾಯುವುದೇ ಇವನ ಕೆಲಸ. ಫೋಟೋ ಕಳಿಸುವವರೆಲ್ಲ ಇವನಿಗೆ ರಿಜೆಕ್ಟ್ ರಾಯ ಎಂದು ಹೆಸರಿಟ್ಟಿದ್ದರು. ಮುಖದ ಮೇಲೆಯೇ ಹಾಗೆ ಕರೆಯುವ ಧೈರ್ಯ ಬಂದದ್ದು ಇವಳೊಬ್ಬಳಿಗೆ.

"ನೋಡಿ ರಿಜೆಕ್ಟ್ ರಾಯರೇ, 'ಮೇಕಪ್ ಗಾಯ, ನಟನೆ' ಅಂತ ಕೆಳಗೆ ಬರೆದಿದೆ. ಹಚ್ಚಿದ್ದೂ ನಾನೇ, ಫೋಟೋದಲ್ಲಿ ಇರೋಳೂ ನಾನೇ. ನೀವು 'ತಪ್ಪು ಮಾಹಿತಿ' ಅಂತ ವಾಪಸ್ ಕಳಿಸಿದ್ದೀರಿ. ನಾನು ಸುಳ್ಳು ಹೇಳ್ತೀನಾ?"

"ಹಾಗಲ್ಲ, ಸ್ವಲ್ಪ ಕೇಳಿ..."

ಅವನು ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದ. ಅಷ್ಟಕ್ಕೇ ಅವಳ ತಲೆ ತಾನಾಗಿ ಪಕ್ಕಕ್ಕೆ ಸರಿಯಿತು. ಅವನು ಅದನ್ನು ಗಮನಿಸಿದ. ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

"ಕನ್ನಡಕ ತೆಗೀರಿ," ಎಂದಳು ಅವಳು, ಇನ್ನೂ ಜೋರಾಗಿ. "ನನ್ನ ಕೈಕೆಲಸ ಏನು ಅಂತ ತೋರಿಸ್ತೀನಿ."

ಅವನು ಕನ್ನಡಕ ತೆಗೆದು ಕುಳಿತ. ಪೆಟ್ಟಿಗೆ ತೆರೆಯಿತು. ಬ್ರಷ್ಷು ಅವನ ಕೆನ್ನೆಯ ಮೇಲೆ ಓಡಿತು. ನೀಲಿ, ಅದರ ಮೇಲೆ ನೇರಳೆ, ಹುಬ್ಬಿನ ಬಳಿ ಹೆಪ್ಪುಗಟ್ಟಿದ ಕೆಂಪು. ಇಷ್ಟು ಹತ್ತಿರ ಯಾರೂ ಅವಳ ಮುಂದೆ ಇಷ್ಟು ಸುಮ್ಮನೆ ಕುಳಿತಿರಲಿಲ್ಲ. 'ಉಸಿರಾದರೂ ಆಡು ಮಾರಾಯ' ಎಂದುಕೊಂಡಳು.

ಚಹಾ ತಂದ ಹೆಂಗಸು ಅವನ ಮುಖ ನೋಡಿದ್ದೇ ತಟ್ಟೆ ಕೈಬಿಟ್ಟಳು. "ಅಯ್ಯೋ ನಮ್ಮಪ್ಪಾ, ಯಾರು ಹೀಗೆ ಚಚ್ಚಿದ್ದು?"

ಆಫೀಸೆಲ್ಲ ನಕ್ಕಿತು. ಅವಳು ಗೆದ್ದವಳಂತೆ ಸೊಂಟಕ್ಕೆ ಕೈ ಕೊಟ್ಟಳು. "ಈಗ ಹೇಳಿ. ನಿಜಾನಾ, ಬಣ್ಣಾನಾ?"

ಅವನು ಕರವಸ್ತ್ರದಿಂದ ಕೆನ್ನೆ ಒರೆಸಿದ. ನೀಲಿಯೆಲ್ಲ ಬಟ್ಟೆಗೆ ಬಂತು. ಆಮೇಲೆ ಒಂದು ಪರದೆಯನ್ನು ಅವಳಿಗಷ್ಟೇ ಕಾಣುವಂತೆ ತಿರುಗಿಸಿದ. ಅಲ್ಲಿ ಅವಳದೇ ಮೂರು ಫೋಟೋಗಳಿದ್ದವು, ಬೇರೆ ಬೇರೆ ವಾರದವು.

"ಒಂದೇ ಫೋಟೋನ ಎರಡು ಸಲ ಮಾರ್ತಾರೆ ಕೆಲವರು. ಅದಕ್ಕೇ ಪಕ್ಕಪಕ್ಕ ಇಟ್ಟು ನೋಡೋದು ನನ್ನ ಅಭ್ಯಾಸ," ಎಂದ, ದನಿ ತಗ್ಗಿಸಿ. "ಹಣೆ ಮೇಲಿನ ರಕ್ತ ನಿಮ್ಮ ಕೈಕೆಲಸ. ಕುತ್ತಿಗೆ ಮೇಲಿನ ಗೀರೂ ನಿಮ್ಮದೇ. ತುಂಬಾ ಚೆನ್ನಾಗಿದೆ. ಆದ್ರೆ ಮಣಿಕಟ್ಟು ನೋಡಿ. ಇದ್ರಲ್ಲಿ ಕಪ್ಪಗಿದೆ. ಇದ್ರಲ್ಲಿ ಹಸಿರಾಗಿದೆ. ಇದ್ರಲ್ಲಿ ಹಳದಿ."

ಅವಳು ಪರದೆಯತ್ತ ಬಾಗಿದಳು.

"ಬಣ್ಣದ ಗಾಯ ಮಾಗಲ್ಲ ಮೇಡಂ."

ಅವಳ ಕೈ ಉಡುಪಿನ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಿತು. ಇಷ್ಟು ವರ್ಷ ಸಾವಿರ ಜನ ಅವಳ ಚಿತ್ರಗಳನ್ನು ನೋಡಿದ್ದರು, ಕೊಂಡಿದ್ದರು. ಒಬ್ಬರೂ ಅವಳ ಮಣಿಕಟ್ಟು ನೋಡಿರಲಿಲ್ಲ. ಅಳು ಬಂತು. ಅಳು ಬಂದದ್ದಕ್ಕೇ ಸಿಟ್ಟೂ ಬಂತು.

"ನಿಮಗೆ ಸಂಬಳ ಕೊಡೋದು ಫೋಟೋ ನೋಡೋಕೆ. ನನ್ನ ಕೈ ನೋಡೋಕಲ್ಲ."

ದಡಬಡ ಪೆಟ್ಟಿಗೆ ಮುಚ್ಚಿ ಹೊರಟೇ ಹೋದಳು. ಮೇಜಿನ ಮೇಲೆ ಒಂದು ಬ್ರಷ್ಷು ಉಳಿಯಿತು.

* * *

ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಅಣ್ಣನೇ ದಿಕ್ಕು. ಮುಂದೆ ಸ್ಟುಡಿಯೋ, ಹಿಂದೆ ಮನೆ. ಅಣ್ಣನದು ಕ್ಯಾಮೆರಾ, ತಂಗಿಯದು ಬಣ್ಣ.

"ನಿಮ್ಮಣ್ಣಂಗೆ ಕೈ ಸ್ವಲ್ಪ ಮುಂದು ಪುಟ್ಟಿ. ಮನಸ್ಸು ಒಳ್ಳೇದು," ಎನ್ನುತ್ತಿದ್ದಳು ಅತ್ತಿಗೆ. ಆ ಒಳ್ಳೆಯ ಮನಸ್ಸನ್ನು ಅತ್ತಿಗೆಯೂ ಕಣ್ಣಾರೆ ಕಂಡಿರಲಿಲ್ಲ, ಅದು ಬೇರೆ ಮಾತು.

ಒಮ್ಮೆ ಲೈಟ್ ಬೀಳಿಸಿದಳೆಂದು ಅಣ್ಣ ಅವಳ ಕೆನ್ನೆಗೆ ಬಾರಿಸಿದ್ದ. ಬಾರಿಸಿದವನು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. "ಅಲ್ಲಾಡಬೇಡ. ಬೆಳಕು ಚೆನ್ನಾಗಿ ಬಿದ್ದಿದೆ," ಎಂದು ಕ್ಯಾಮೆರಾ ತೆಗೆದುಕೊಂಡ. "ಬಣ್ಣದ ಖರ್ಚೂ ಉಳೀತು."

ಆ ಫೋಟೋ ಚೆನ್ನಾಗಿ ಮಾರಾಟವಾಯಿತು. ಆಮೇಲೆ ವ್ಯಾಪಾರ ಮಂದವಾದಾಗಲೆಲ್ಲ ಅವನಿಗೆ ತಂಗಿಯಲ್ಲಿ ತಪ್ಪು ಕಾಣತೊಡಗಿತು. ನಿಜವಾದ ಏಟಿನ ಸುತ್ತ ಅವಳಿಂದಲೇ ನಾಲ್ಕು ಬಣ್ಣದ ಗಾಯ ಹಚ್ಚಿಸುತ್ತಿದ್ದ. ಕೆಳಗೆ 'ಮೇಕಪ್' ಎಂದು ಬರೆಯುತ್ತಿದ್ದ. ಯಾರಾದರೂ ಕೇಳಿದರೆ ಉತ್ತರ ಸಿದ್ಧ. ಅವಳ ಕಲೆಯೇ ಅವನ ಪಾಪಕ್ಕೆ ಪರದೆಯಾಗಿತ್ತು.

"ಆ ಫೋಟೋ ಪಾಸ್ ಮಾಡಿಸ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ಕೈ ಮುರಿದು ಹಾಕ್ತೀನಿ. ಆಮೇಲೆ ಬಣ್ಣ ಹೆಂಗೆ ಹಚ್ತೀಯೋ ನೋಡೋಣ," ಎಂದು ಅವಳನ್ನು ಅಟ್ಟಿದವನೂ ಅವನೇ.

ಆ ಕೈ ಒಂದೇ ಅವಳ ಆಸ್ತಿ. ಎಂದಾದರೂ ಆ ಮನೆ ಬಿಟ್ಟರೆ ಅನ್ನ ಕೊಡಬೇಕಾದದ್ದೂ ಅದೇ.

ಇತ್ತ ರಿಜೆಕ್ಟ್ ರಾಯ ಬ್ರಷ್ಷನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ. ಅವಳ ತಲೆ ಪಕ್ಕಕ್ಕೆ ಸರಿದದ್ದು ಅವನ ಕಣ್ಣಿಂದ ಹೋಗಲಿಲ್ಲ. ಕೊನೆಗೆ ಆ ಫೋಟೋಗಳು ಬಂದಿದ್ದ ಖಾತೆಗೆ ಒಂದು ಮೆಸೇಜು ಬರೆದ. 'ನಿಮ್ಮ ಮಣಿಕಟ್ಟಿನ ಗಾಯ ನಿಜವಾದದ್ದು ಎಂದು ನನಗೆ ಗೊತ್ತು. ಸಹಾಯ ಬೇಕಿದ್ದರೆ ಕರೆ ಮಾಡಿ.' ಕೆಳಗೆ ತನ್ನ ನಂಬರು.

ಸ್ಟುಡಿಯೋ ಹೆಸರಿನಲ್ಲಿದ್ದ ಆ ಖಾತೆ ಅವಳದೆಂದೇ ಅವನು ನಂಬಿದ್ದ. ಅದು ಅಣ್ಣನದಾಗಿತ್ತು. ಒಳ್ಳೆಯದು ಮಾಡಲು ಹೋದವನು ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದ.

ಅಣ್ಣ ಅದನ್ನು ಗಟ್ಟಿಯಾಗಿ ಓದಿದ. ಫೋನ್ ಕೆಳಗಿಟ್ಟ. "ಮನೆ ಮಾತು ಬೀದಿಗೆ ಹಾಕಿ ಬಂದಿದ್ದೀಯಾ?"

"ನಾನು ಏನೂ ಹೇಳಿಲ್ಲ ಅಣ್ಣ... ನನ್ನಾಣೆ..."

ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ತುಟಿ ಹರಿದು ಬಾಯಿಯಲ್ಲಿ ರಕ್ತ ತುಂಬಿತು. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವಳು ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡು ಮುದುಡಿದಳು. 'ಎಲ್ಲಿಗಾದರೂ ಹೊಡಿ, ಕೈಗೆ ಬೇಡ.' ಅಡುಗೆಮನೆ ಬಾಗಿಲಲ್ಲಿ ಅತ್ತಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಆಮೇಲೆ ಅಣ್ಣ ಲೈಟ್ ಹಾಕಿ ಫೋಟೋ ತೆಗೆದ. ಕೆಳಗೆ 'ಮೇಕಪ್' ಎಂದು ಬರೆದು ಕಳಿಸಿಯೂ ಬಿಟ್ಟ.

ಅವಳು ನೆಲದ ಮೇಲೆ ಬಿದ್ದುಕೊಂಡು ಅಣ್ಣನನ್ನು ಶಪಿಸಲಿಲ್ಲ. ಶಪಿಸಿದ್ದು ಆ ಕನ್ನಡಕದವನನ್ನು. 'ನಿನ್ನನ್ನು ನಂಬಬೇಕು ಅನ್ನಿಸಿತ್ತಲ್ಲ... ಅಣ್ಣನಿಗೇ ಚಾಡಿ ಬರೆದೆಯಾ?'

* * *

ಮರುದಿನ ಆ ಚಿತ್ರ ನೋಡಿದವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಖಾತೆಯಲ್ಲಿದ್ದ ವಿಳಾಸ ಹಿಡಿದು, ಬ್ರಷ್ಷನ್ನು ಜೇಬಿಗಿಟ್ಟುಕೊಂಡು, ನೇರ ಸ್ಟುಡಿಯೋಗೆ ಬಂದ.

ಬಾಗಿಲು ತೆರೆದವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ನಿಮ್ಮ ಬ್ರಷ್ ಮರೆತು ಬಂದಿದ್ರಿ..." ಎನ್ನುತ್ತ ಒಳಗೆ ಕಾಲಿಟ್ಟ. ಹೇಳಬೇಕೆಂದು ಬಂದದ್ದು ಅದಲ್ಲ.

"ಯಾಕೆ ಬಂದ್ರಿ? ನೀವು ಬರೆದ ಎರಡು ಸಾಲಿಗೇ ಇಷ್ಟಾಯ್ತು. ಇನ್ನೆರಡು ಬರೆದು ನನ್ನ ಕೊಲ್ಲಿಸ್ತೀರಾ?"

"ನಾನು ಬರೆದಿದ್ದು ನಿಮಗೆ."

"ಖಾತೆ ಅಣ್ಣಂದು. ಅಲ್ಲಿ ಮುಖ ಒಂದೇ ನನ್ನದು."

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ದೇವರೇ... ನನಗೆ ಗೊತ್ತಿರಲಿಲ್ಲ. ನಿಜವಾಗ್ಲೂ ಗೊತ್ತಿರಲಿಲ್ಲ."

ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಯಾವುದು ನಟನೆ, ಯಾವುದು ಅಲ್ಲ ಎಂದು ಹೇಳುವುದು ಅವಳ ಕಸುಬು. ಇವನದು ನಟನೆಯಲ್ಲ. ರಾತ್ರಿಯಿಡೀ ಕಟ್ಟಿಕೊಂಡಿದ್ದ ಸಿಟ್ಟು ಒಳಗೇ ಕುಸಿಯಿತು.

"ನನ್ನ ಜೊತೆ ಬನ್ನಿ. ಈಗಲೇ," ಎಂದ ಅವನು.

ಹಿಂದೆ ಬಾಗಿಲ ಚಿಲಕ ಬಿದ್ದ ಸದ್ದಾಯಿತು. ಹೊರಗಿನಿಂದ ಬಂದ ಅಣ್ಣ ಅಲ್ಲೇ ನಿಂತಿದ್ದ. "ಓಹೋ, ಮಣಿಕಟ್ಟಿನ ಡಾಕ್ಟರು ಮನೆಗೇ ಬಂದಿದ್ದಾರೆ."

ಮೂಲೆಯಲ್ಲಿದ್ದ ಟ್ರೈಪಾಡ್ ಎತ್ತಿದವನೇ ಬೀಸಿದ. ಮೊದಲ ಏಟಿಗೆ ಕನ್ನಡಕ ಚೂರಾಯಿತು. ಎರಡನೆಯದು ಭುಜಕ್ಕೆ. ರಿಜೆಕ್ಟ್ ರಾಯನಿಗೆ ಹೊಡೆದಾಟದ ಗಂಧಗಾಳಿಯೂ ಗೊತ್ತಿರಲಿಲ್ಲ. ಆದರೂ ಬಿದ್ದವನು ಎದ್ದು ಅವಳಿಗೂ ಅಣ್ಣನಿಗೂ ನಡುವೆ ಬಂದು ನಿಂತ. ಮತ್ತೆ ಬಿದ್ದ. ಮತ್ತೆ ಎದ್ದ. ಹುಬ್ಬು ಸೀಳಿ ರಕ್ತ ಅಂಗಿಯ ಮೇಲೆ ಹರಿಯಿತು.

'ನನಗೆ ಬೀಳಬೇಕಾದ ಏಟನ್ನು ಇವನೇಕೆ ತಿನ್ನುತ್ತಿದ್ದಾನೆ?'

ಅವಳು ಕ್ಯಾಮೆರಾ ಎತ್ತಿಕೊಂಡಳು. ಕ್ಲಿಕ್.

ಅಣ್ಣ ನಕ್ಕ. "ತೆಗಿ ಪುಟ್ಟಿ, ತೆಗಿ. ಒಳ್ಳೇ ರೇಟ್ ಬರುತ್ತೆ." ಟ್ರೈಪಾಡ್ ಮತ್ತೆ ಮೇಲೆದ್ದಿತು. ಕ್ಲಿಕ್. ಕ್ಲಿಕ್.

ಆಗ ಅಣ್ಣನಿಗೆ ಹೊಳೆಯಿತು. ಇಷ್ಟು ದಿನದ ಚಿತ್ರಗಳಲ್ಲಿ ಏಟು ಮಾತ್ರ ಇತ್ತು. ಈ ಚಿತ್ರದಲ್ಲಿ ಹೊಡೆಯುವವನ ಮುಖವೂ ಇತ್ತು.

"ಕೊಡು ಇಲ್ಲಿ. ಕೊಡೇ!" ಎಂದು ಕೈ ಚಾಚಿ ಅವಳ ಮೇಲೆ ಬಿದ್ದ.

ಈ ಸಲ ಅವಳ ತಲೆ ಪಕ್ಕಕ್ಕೆ ಸರಿಯಲಿಲ್ಲ. ಕಬ್ಬಿಣದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, ಚಾಚಿದ ಆ ಕೈಯ ಮೇಲೆ ಇಳಿಸಿದಳು. ಮೂಳೆ ಮುರಿದ ಸದ್ದು ಕೇಳಿಸಿತು. ನೆಲದ ತುಂಬ ಕೆಂಪು, ನೀಲಿ, ಹಳದಿ ಬಣ್ಣ ಚೆಲ್ಲಿತು. ಅದರ ನಡುವೆ ಅಣ್ಣ ಕೈ ಹಿಡಿದುಕೊಂಡು ಕಿರುಚುತ್ತ ಉರುಳಿದ.

"ಇದು ಮೇಕಪ್ ಅಲ್ಲ ಅಣ್ಣ," ಎಂದಳು ಅವಳು.

ಒಳಗಿನಿಂದ ಅತ್ತಿಗೆ ಬಂದಳು. ಗಂಡನ ಕಡೆ ನೋಡಲಿಲ್ಲ. ಅವನನ್ನು ದಾಟಿ ಹೋಗಿ ಬೀದಿ ಬಾಗಿಲ ಚಿಲಕ ತೆಗೆದಳು. ಹೊರಗೆ ಅಕ್ಕಪಕ್ಕದವರು ನೆರೆದಿದ್ದರು. "ಪೊಲೀಸರಿಗೆ ಫೋನ್ ಮಾಡಿದ್ದೀನಿ ಪುಟ್ಟಿ," ಎಂದಳು. "ಮೊದಲೇ ಮಾಡಬೇಕಿತ್ತು."

* * *

ಅಣ್ಣ ಜೈಲಿಗೆ ಹೋದ. ಅವಳು ಹಾಸ್ಟೆಲೊಂದಕ್ಕೆ ಹೋದಳು. ಹತ್ತೇ ದಿನದಲ್ಲಿ ನರ್ಸಿಂಗ್ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಹುಡುಗಿಯರು ಬ್ಯಾಂಡೇಜ್ ಕಟ್ಟಲು ಕಲಿಯಬೇಕಲ್ಲ, ಅವರಿಗಾಗಿ ಗೊಂಬೆಗಳ ಮೇಲೆ ಗಾಯ ಬರೆಯುವುದು. ಅಲ್ಲಿ ಅವಳ ಗಾಯ ನೋಡಿದವರು ಕೊಳ್ಳುತ್ತಿರಲಿಲ್ಲ, ವಾಸಿ ಮಾಡುತ್ತಿದ್ದರು.

ತನ್ನದೇ ಹೆಸರಿನಲ್ಲಿ ಖಾತೆ ತೆರೆದು ಒಂದು ಫೋಟೋ ಕಳಿಸಿದಳು. ಕೆಳಗೆ ಬರೆದಳು: 'ನನ್ನ ಮುಖ. ಬಣ್ಣವಿಲ್ಲ.'

ಆ ಸಂಜೆ ಅವನು ಶಾಲೆಯ ಬಾಗಿಲಲ್ಲಿ ಬಂದು ನಿಂತ. ಹೊಸ ಕನ್ನಡಕ. ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಕೈಯಲ್ಲಿ ಅದೇ ಬ್ರಷ್ಷು, ಹಿಡಿ ಮುರಿದದ್ದು.

"ಅವತ್ತು ಕೊಡೋಕಾಗ್ಲಿಲ್ಲ," ಎಂದ.

ಅವಳು ಬ್ರಷ್ಷು ತೆಗೆದುಕೊಂಡು ಅವನ ಕಣ್ಣಿನ ಕೆಳಗೆ ನೋಡಿದಳು. ಹಳದಿಗೆ ತಿರುಗಿತ್ತು. "ಮಾಗ್ತಾ ಇದೆ."

"ನಿಜವಾದದ್ದಲ್ವಾ, ಮಾಗುತ್ತೆ."

ಅವಳು ಬ್ರಷ್ಷಿನ ಮುರಿದ ಹಿಡಿ ಸವರಿದಳು.

"ನನ್ನ ಫೋಟೋ ನೀವೇ ನೋಡ್ತೀರಿ ಅಂದ್ಕೊಂಡಿದ್ದೆ. ಬೇರೆ ಯಾರೋ ಪಾಸ್ ಮಾಡಿದ್ದಾರೆ," ಎಂದಳು, ಮುನಿಸು ಮುಚ್ಚಿಡಲಾರದೆ.

"ನಾನೇ ಬೇಡ ಅಂದೆ. ಸಂಬಂಧ ಇರೋರ ಫೋಟೋ ನೋಡೋ ಹಾಗಿಲ್ಲ. ನಮ್ಮಲ್ಲಿ ಹಾಗೊಂದು ನಿಯಮ."

"ನಮಗೇನು ಸಂಬಂಧ?"

"ಅದನ್ನೇ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವಳು ತಲೆ ತಗ್ಗಿಸಿದಳು. ಮುಖ ಬಿಸಿಯಾಗಿದ್ದು ಅವಳಿಗೇ ತಿಳಿಯಿತು. 'ಈ ಮನುಷ್ಯನ ಕಣ್ಣಿಗೆ ಏನೂ ತಪ್ಪುವುದಿಲ್ಲ...'

"ನಿಮ್ಮ ಕೆನ್ನೆ ಕೆಂಪಾಗಿದೆ," ಎಂದ ಅವನು. "ನಿಜಾನಾ, ಬಣ್ಣಾನಾ?"

"ಒರೆಸಿ ನೋಡಿ."

ಅವನ ಕೈ ಮೇಲೆದ್ದಿತು. ಅರ್ಧದಲ್ಲೇ, ಅವಳು ಹೆದರಿಯಾಳೆಂದು ನಿಂತಿತು.

ಅವಳು ಹೆದರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ತಾನಾಗಿ ಆ ಅಂಗೈಗೆ ಕೆನ್ನೆ ಒರಗಿಸಿದಳು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

ಬೆರಳಿಗೆ ಏನೂ ಅಂಟಲಿಲ್ಲ.